ದಾಖಲೆ, ದಾಖಲಾತಿ ಮತ್ತು ಮೂರು ಮಕ್ಕಳು

ಅಭ್ಯಾಸ ಬೋಧನೆಯ ವರದಿಗಳನ್ನು ತಿದ್ದುವಾಗ ಮಾರ್ಗದರ್ಶಕರಾದ ನಾವು ನೋಡುವ ಅಂಶಗಳು ಎಲ್ಲರಿಗೂ ಗೊತ್ತಿರುವವೇ: ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆಯ ಬಳಕೆ, ಪುನರ್ಬಲನ, ಮೌಲ್ಯಮಾಪನ, ಮನೆಗೆಲಸ. ತರಗತಿಯಲ್ಲಿ ಕುಳಿತ ಮಗುವನ್ನು ಪ್ರಶಿಕ್ಷಣಾರ್ಥಿ ಯಾವ ಪದದಿಂದ ಗುರುತಿಸಿದ್ದಾರೆ ಎಂಬುದಕ್ಕೆ ನಮ್ಮ ನಮೂನೆಯಲ್ಲಿ ಕಾಲಂ ಇಲ್ಲ. ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಶಾಲೆಗಳಲ್ಲಿ ಇಂಟರ್ನ್‌ಶಿಪ್ ಪಾಠಗಳನ್ನು ನೋಡುತ್ತ ಓಡಾಡಿದ ಒಂದು ಹಂಗಾಮಿನಲ್ಲಿ ಓದಿದ ವರದಿಯೊಂದು ನನ್ನನ್ನು ಈ ಬಗ್ಗೆ ಯೋಚನೆಗೆ ಹಚ್ಚಿತು. ಆರನೆಯ ತರಗತಿಗೆ ಪೌರತ್ವದ ಪಾಠ. ವರದಿ ಅಚ್ಚುಕಟ್ಟಾಗಿತ್ತು. ಹಾಜರಾತಿಯ ಸಾಲಿನಲ್ಲಿ ಮಾತ್ರ ಹೀಗಿತ್ತು: ‘ದಾಖಲು 31, ಹಾಜರು 27, ಅನಧಿಕೃತ ಮಕ್ಕಳು 3.’

ಬರೆದ ಪ್ರಶಿಕ್ಷಣಾರ್ಥಿ ಹುಕ್ಕೇರಿ ತಾಲ್ಲೂಕಿನ ಹೆಣ್ಣುಮಗಳು, ಮೃದು ಸ್ವಭಾವದವಳು. ಆ ಮೂವರನ್ನು ಒಳಗೆ ಕರೆದು ಹಿಂದಿನ ಸಾಲಿನಲ್ಲಿ ಕೂರಿಸಿದವಳೂ ಅವಳೇ. ಈ ಪದ ಯಾಕೆ ಎಂದು ಕೇಳಿದೆ. ಅವಳ ಉತ್ತರ ನೇರವಾಗಿತ್ತು: “ಹಾಜರಿಯೊಳಗ ಹೆಸರಿಲ್ಲ ಸರ್. ಟಿ.ಸಿ. ಇಲ್ಲ, ಸ್ಯಾಟ್ಸ್ ನಂಬರ್ ಇಲ್ಲ, ಆಧಾರ್ ಊರಾಗ ಐತಂತ. ಮತ್ತ ಏನಂತ ಬರೀಲಿ?” ಈ ಪ್ರಶ್ನೆಗೆ ಆ ದಿನ ಸ್ಟಾಫ್ ರೂಮಿನಲ್ಲಿದ್ದ ಯಾರ ಬಳಿಯೂ ಸಿದ್ಧ ಉತ್ತರ ಇರಲಿಲ್ಲ. ಅವಳ ಪ್ರಶ್ನೆಯನ್ನೇ ಹಿಡಿದು ಈ ಬರಹ ಬರೆಯುತ್ತಿದ್ದೇನೆ.

ಆ ಮೂವರು ಯಾರೆಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಘಟಪ್ರಭಾ, ಹಿರಣ್ಯಕೇಶಿ ನದಿಗಳ ನೀರು, ಹಿಡಕಲ್ ಜಲಾಶಯದ ಕಾಲುವೆಗಳು ಈ ಮೂರು ತಾಲ್ಲೂಕುಗಳನ್ನು ಕಬ್ಬಿನ ನಾಡಾಗಿಸಿವೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆಯಿಂದ ಹಿಡಿದು ಹತ್ತಾರು ಮೈಲಿಗಳ ಅಂತರದಲ್ಲಿ ಒಂದರ ಹಿಂದೊಂದು ಚಿಮಣಿ. ದೀಪಾವಳಿಯ ಆಸುಪಾಸಿನಲ್ಲಿ ನುರಿಸುವ ಹಂಗಾಮು ಶುರುವಾದರೆ ಯುಗಾದಿಯ ಹೊತ್ತಿಗೆ ಮುಗಿಯುತ್ತದೆ. ಅಷ್ಟು ದಿನ ಕಬ್ಬು ಕಡಿಯುವವರಲ್ಲಿ ಬಹಳ ಜನ ಮಹಾರಾಷ್ಟ್ರದ ಬೀಡ್ ಮತ್ತು ಸುತ್ತಲಿನ ಬರದ ಜಿಲ್ಲೆಗಳವರು. ನಮ್ಮ ವಿಜಯಪುರದ ತಾಂಡಾಗಳಿಂದಲೂ ಬರುತ್ತಾರೆ. ಮುಕಾದಮನ ಹತ್ತಿರ ಮುಂಗಡ, ಅಂದರೆ ‘ಉಚಲ್’, ಹಿಡಿದು ಬಂದಿರುತ್ತಾರೆ. ಅದು ತೀರುವ ತನಕ ಬಿಟ್ಟು ಹೋಗುವಂತಿಲ್ಲ. ಅಪ್ಪ ಅವ್ವ ಬಂದ ಮೇಲೆ ಊರಲ್ಲಿ ನೋಡಿಕೊಳ್ಳುವವರಿಲ್ಲದ ಮಕ್ಕಳೂ ಬರುತ್ತವೆ. ಶಾಲೆಯ ವರ್ಷ ಜೂನ್‌ನಿಂದ, ಕಬ್ಬಿನ ವರ್ಷ ನವೆಂಬರ್‌ನಿಂದ. ಆ ಮಗುವಿನ ಹೆಸರು ಅಲ್ಲಿಯ ಹಾಜರಿಯಲ್ಲಿ ‘ಗೈರು’, ಇಲ್ಲಿಯ ಹಾಜರಿಯಲ್ಲಿ ಹೆಸರೇ ಇಲ್ಲ. ಎರಡು ಪುಸ್ತಕಗಳ ನಡುವೆ ಐದು ತಿಂಗಳು ಕಳೆದುಹೋಗುತ್ತದೆ.

ಇವರು ಯಾವ ಕಾನೂನನ್ನೂ ಮುರಿದವರಲ್ಲ. ಭಾರತದ ಪೌರರು, ಸಂವಿಧಾನದ 19ನೆಯ ವಿಧಿ ಕೊಟ್ಟ ಹಕ್ಕಿನಂತೆ ದೇಶದ ಒಂದು ಕಡೆಯಿಂದ ಇನ್ನೊಂದು ಕಡೆಗೆ ದುಡಿಯಲು ಬಂದವರು. ಆದರೂ ಗಡಿ ದಾಟಿ ಬಂದ ಬಡವರಿಗೆ ಜಗತ್ತಿನ ಎಲ್ಲ ಕಡೆ ಅಂಟುವ ಪದಗಳು ಇವರಿಗೂ ಅಂಟುತ್ತವೆ. ನಮ್ಮೂರಿನ ಮಾತನ್ನೇ ಕೇಳಿನೋಡಿ. ನಮ್ಮ ಓಣಿಯವರು ಕೆಲಸಕ್ಕೆಂದು ಗೋವಾಕ್ಕೋ ರತ್ನಾಗಿರಿಗೋ ಹೋದರೆ “ದುಡಿಯಾಕ ಹೋಗ್ಯಾರ” ಎನ್ನುತ್ತೇವೆ. ಬೀಡ್‌ನವರು ದುಡಿಯಲು ನಮ್ಮಲ್ಲಿಗೆ ಬಂದರೆ “ಗ್ಯಾಂಗ್ ಬಂದೈತಿ” ಎನ್ನುತ್ತೇವೆ. ಮೊದಲ ವಾಕ್ಯದಲ್ಲಿ ಮನುಷ್ಯರಿದ್ದಾರೆ, ಕ್ರಿಯಾಪದ ಬಹುವಚನದಲ್ಲಿದೆ, ಹೋದ ಕಾರಣವೂ ಇದೆ. ಎರಡನೆಯದರಲ್ಲಿ ನಪುಂಸಕಲಿಂಗ, ಏಕವಚನ. ಬಸ್ಸು ಬಂದಂತೆ, ಮಳೆ ಬಂದಂತೆ. ಅವರ ಕಸುಬಿನ ಲೆಕ್ಕದಲ್ಲಂತೂ ಗಂಡ ಹೆಂಡತಿ ಸೇರಿ ‘ಒಂದು ಕೋಯ್ತಾ’, ಒಬ್ಬರೇ ಇದ್ದರೆ ‘ಅರ್ಧ ಕೋಯ್ತಾ’. ಕೋಯ್ತಾ ಎಂದರೆ ಕಬ್ಬು ಕಡಿಯುವ ಕುಡುಗೋಲು. ಹಿಡಿದವರ ಲೆಕ್ಕ ಹಿಡಿದ ವಸ್ತುವಿನ ಹೆಸರಲ್ಲಿ ನಡೆಯುತ್ತದೆ. ಅಂಥ ಲೆಕ್ಕದೊಳಗಿನಿಂದ ಎದ್ದುಬಂದ ಮಗು ಶಾಲೆಯ ಬಾಗಿಲಿಗೆ ಬಂದು ನಿಂತಾಗ ‘ಗ್ಯಾಂಗಿನ ಹುಡುಗ’ ಆಗುತ್ತದೆ, ವರದಿಯಲ್ಲಿ ‘ಅನಧಿಕೃತ’ ಆಗುತ್ತದೆ.

ಪದದಿಂದ ಏನಾಗುತ್ತದೆ ಎಂದು ಕೇಳುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. ಎರಡೂ ಕನ್ನಡಿಗರಿಗೆ ಸಂಬಂಧಪಟ್ಟವು. ಗೋವಾದಲ್ಲಿ ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಕೂಲಿಕಾರರಿಗೆ ‘ಘಾಟಿ’ ಎನ್ನುವ ಹೆಸರಿದೆ. ಘಟ್ಟ ಇಳಿದು ಬಂದವರು ಎಂಬಷ್ಟೇ ಅರ್ಥದ ಪದ, ಬೈಗುಳವಾಗಿ ಬಳಕೆಯಲ್ಲಿದೆ. ವಾಸ್ಕೊದ ಬೈನಾ ಕಡಲತೀರದಲ್ಲಿ ಹೆಚ್ಚಾಗಿ ಕನ್ನಡಿಗರೇ ಇದ್ದ ಮನೆಗಳು ಒಂದಕ್ಕಿಂತ ಹೆಚ್ಚು ಸಲ ನೆಲಸಮವಾದಾಗ, ದಶಕಗಳಿಂದ ಅಲ್ಲಿದ್ದವರೂ ‘ಹೊರಗಿನವರು’ ಎನ್ನಿಸಿಕೊಂಡರು. ಇನ್ನೊಂದು ಬೆಂಗಳೂರಿನದು. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದ ಗುಡಿಸಲುಗಳನ್ನು ‘ಅಕ್ರಮ ಬಾಂಗ್ಲಾದೇಶಿಗಳು’ ಇದ್ದಾರೆ ಎಂಬ ಆರೋಪದ ಮೇಲೆ ಕೆಡವಲಾಯಿತು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರೆಂದು ಪತ್ರಿಕೆಗಳು ವರದಿ ಮಾಡಿದವು. ರಾಜ್ಯದ ಹೈಕೋರ್ಟ್ ಮಧ್ಯೆ ಬಂದು ಆ ಕ್ರಮವನ್ನು ಪ್ರಶ್ನಿಸಿತು. ಗುರುತಿನ ಚೀಟಿ ಇದ್ದವರ ಮನೆಯನ್ನೂ ಒಂದು ಪದ ಕೆಡವಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಗೊತ್ತಿಲ್ಲ.

‘ಅಕ್ರಮ’ ಎಂಬ ಪದವನ್ನು ಕನ್ನಡಿಗರು ಬಹಳ ಚೆನ್ನಾಗಿ ಬಲ್ಲರು. ನಮ್ಮಲ್ಲಿ ‘ಅಕ್ರಮ-ಸಕ್ರಮ’ ಎಂಬ ಜೋಡಿಪದವೇ ಇದೆ. ಪರವಾನಗಿ ಮೀರಿ ಮನೆ ಕಟ್ಟಿದರೆ ಮನೆ ಅಕ್ರಮ. ದಂಡ ಕಟ್ಟಿ ಅರ್ಜಿ ಹಾಕಿದರೆ ಸಕ್ರಮ. ಕಟ್ಟಿದವರನ್ನು ‘ಅಕ್ರಮ ಮನುಷ್ಯರು’ ಎಂದು ಯಾರೂ ಕರೆಯುವುದಿಲ್ಲ. ಇನ್ನೂ ಒಳ್ಳೆಯ ಉದಾಹರಣೆ ಬಗರ್ ಹುಕುಂ. ಆ ಮಾತಿನ ಅರ್ಥವೇ ಹುಕುಂ ಇಲ್ಲದೆ ಎಂದು. ಸರ್ಕಾರಿ ಜಮೀನನ್ನು ಅಪ್ಪಣೆ ಇಲ್ಲದೆ ಉಳುವ ರೈತರಿಗೆ ನಮ್ಮ ಕಂದಾಯ ಇಲಾಖೆ ಇಟ್ಟ ಹೆಸರು ‘ಬಗರ್ ಹುಕುಂ ಸಾಗುವಳಿದಾರ’. ಕಾಗದ ಇಲ್ಲ ಎಂಬುದನ್ನೂ ಹೇಳಿತು, ಅವನು ಸಾಗುವಳಿ ಮಾಡುವವನು ಎಂಬುದನ್ನೂ ಬಿಡಲಿಲ್ಲ. ನಮೂನೆ 50, 53, 57 ಎಂದು ಒಂದರ ಮೇಲೊಂದು ಅರ್ಜಿ ಕರೆದು ಕಾಗದದ ಕೊರತೆ ತುಂಬುವ ದಾರಿಯನ್ನೂ ತೆರೆಯಿತು. ಅಂದರೆ ಕಾಗದ ಇಲ್ಲದವರನ್ನು ಅವಮಾನಿಸದೆ ಹೆಸರಿಸುವ ಜಾಣತನ ನಮ್ಮ ಭಾಷೆಗೂ ಆಡಳಿತಕ್ಕೂ ಹೊಸದೇನಲ್ಲ. ಭೂಮಿಯ ವಿಷಯದಲ್ಲಿ ಇರುವ ಈ ಜಾಣತನ ಮನುಷ್ಯರು ಊರು ಬದಲಿಸಿದಾಗ ಕಾಣೆಯಾಗುತ್ತದೆ. ಅಲ್ಲಿ ‘ಅಕ್ರಮ’ ನೇರವಾಗಿ ಮನುಷ್ಯನ ವಿಶೇಷಣ. ಅದರ ಪಕ್ಕದಲ್ಲಿ ‘ಸಕ್ರಮ’ ಎಂಬ ಜೋಡಿ ಇಲ್ಲ.

ಇನ್ನೊಂದು ಪದ ‘ನುಸುಳುಕೋರ’. ನುಸುಳು ಎಂಬ ಕ್ರಿಯಾಪದದಲ್ಲಿ ತಪ್ಪೇನಿಲ್ಲ. ಬೇಲಿಯ ಸಂದಿಯಲ್ಲಿ ಕರು ನುಸುಳುತ್ತದೆ, ಜಾತ್ರೆಯ ಗದ್ದಲದಲ್ಲಿ ಮಕ್ಕಳು ನುಸುಳುತ್ತಾರೆ. ಕೆಲಸ ಮಾಡುವುದು ‘ಕೋರ’ ಎಂಬ ಪ್ರತ್ಯಯ. ಲಂಚಕೋರ, ಚಾಡಿಕೋರ, ದಂಗೆಕೋರ: ಈ ಸಾಲಿನಲ್ಲಿ ಸೇರಿದವನ ಸ್ವಭಾವವೇ ಕೆಟ್ಟದ್ದು ಎಂದು ಪ್ರತ್ಯಯವೇ ತೀರ್ಪು ಕೊಟ್ಟುಬಿಡುತ್ತದೆ. ಕನ್ನಡ ಬೋಧನಾ ಪದ್ಧತಿಯ ಪ್ರಶಿಕ್ಷಣಾರ್ಥಿಗಳಿಗೆ ತದ್ಧಿತ ಪ್ರತ್ಯಯಗಳ ಪಾಠ ಇದ್ದೇ ಇರುತ್ತದೆ. ‘ಗಾರ’ ಹಚ್ಚಿದರೆ ಏನಾಗುತ್ತದೆ, ‘ಕೋರ’ ಹಚ್ಚಿದರೆ ಏನಾಗುತ್ತದೆ ಎಂದು ಆರು ಉದಾಹರಣೆ ಬರೆಸಿ, ಕೊನೆಯಲ್ಲಿ ಪತ್ರಿಕೆಯ ಒಂದು ತಲೆಬರಹ ಕೊಟ್ಟುನೋಡಿ. ವ್ಯಾಕರಣದ ಪಾಠ ಅಲ್ಲಿಗೆ ಸಮಾಜ ವಿಜ್ಞಾನದ ಪಾಠವೂ ಆಗುತ್ತದೆ.

ಈ ಚರ್ಚೆ ಹೊರದೇಶಗಳಲ್ಲೂ ನಡೆದಿದೆ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1975ರಲ್ಲಿಯೇ ಒಂದು ನಿರ್ಣಯದ ಮೂಲಕ, ಅಧಿಕೃತ ಬರಹಗಳಲ್ಲಿ ಇಂಥವರನ್ನು ‘ದಾಖಲೆರಹಿತ’ ವಲಸೆ ಕಾರ್ಮಿಕರು ಎಂಬ ರೀತಿಯ ಪದಗಳಿಂದ ಕರೆಯಬೇಕೆಂದು ಕೇಳಿಕೊಂಡಿತು. ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2013ರ ಏಪ್ರಿಲ್‌ನಲ್ಲಿ ತನ್ನ ಶೈಲಿ ಕೈಪಿಡಿಯನ್ನು ತಿದ್ದಿ, ‘ಕಾನೂನುಬಾಹಿರ’ ಎಂಬ ಪದವನ್ನು ಕೃತ್ಯಕ್ಕೆ ಬಳಸಿ, ಮನುಷ್ಯರಿಗೆ ಬಳಸಬೇಡಿ ಎಂದು ತನ್ನ ವರದಿಗಾರರಿಗೆ ಹೇಳಿತು. ಶಿಕ್ಷಕರಾದ ನಮಗೆ ಇವೆರಡಕ್ಕಿಂತ ಮುಖ್ಯವಾದದ್ದು ಟೆಕ್ಸಾಸ್ ರಾಜ್ಯದ ಒಂದು ಪ್ರಕರಣ. ಕಾನೂನುಬದ್ಧವಾಗಿ ದೇಶದೊಳಗೆ ಬರದ ಮಕ್ಕಳಿಗೆ ಶಾಲೆಯ ಹಣ ಕೊಡುವುದಿಲ್ಲ ಎಂದು ಆ ರಾಜ್ಯ 1975ರಲ್ಲಿ ಕಾನೂನು ಮಾಡಿತು. ಟೈಲರ್ ಎಂಬ ಊರಿನ ಶಾಲಾ ಆಡಳಿತ ಅಂಥ ಪ್ರತಿ ಮಗುವಿಗೆ ವರ್ಷಕ್ಕೆ 1000 ಡಾಲರ್ ಶುಲ್ಕ ಕೇಳಿತು. ನಾಲ್ಕು ಕುಟುಂಬಗಳು ನ್ಯಾಯಾಲಯಕ್ಕೆ ಹೋದವು. 1982ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಆ ಕಾನೂನನ್ನು ತಳ್ಳಿಹಾಕಿ, ಈ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದಿತು. ತಂದೆತಾಯಿಯ ನಡತೆಯ ಭಾರವನ್ನು ಮಗುವಿನ ಮೇಲೆ ಹೊರಿಸಬಾರದು ಎಂಬುದು ತೀರ್ಪಿನ ತಿರುಳುಗಳಲ್ಲಿ ಒಂದು. ಪ್ರಕರಣದ ಹೆಸರು ‘ಪ್ಲೈಲರ್ ವಿರುದ್ಧ ಡೋ’. ಪ್ಲೈಲರ್ ಆ ಶಾಲೆಗಳ ಮುಖ್ಯಾಧಿಕಾರಿ. ‘ಡೋ’ ನಿಜವಾದ ಹೆಸರಲ್ಲ. ಗಡೀಪಾರಿನ ಭಯವಿದ್ದ ಕುಟುಂಬಗಳ ರಕ್ಷಣೆಗೆಂದು ಇಟ್ಟದ್ದು. ನಿಜವಾದ ಹೆಸರನ್ನು ಬಚ್ಚಿಟ್ಟು ಆ ಮಕ್ಕಳು ಶಾಲೆಯ ಹಾಜರಿಯಲ್ಲಿ ತಮ್ಮ ನಿಜವಾದ ಹೆಸರು ಕೂಗಿಸಿಕೊಳ್ಳುವ ಹಕ್ಕು ಪಡೆದರು.

ನಮ್ಮ ಕಾನೂನು ಏನು ಹೇಳುತ್ತದೆ? ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಸಂವಿಧಾನದ ಪದಬಳಕೆಯನ್ನು ಗಮನಿಸಿ ಓದಬೇಕು. ಸಂಚಾರ ಮತ್ತು ವಾಸದ ಸ್ವಾತಂತ್ರ್ಯ ಹೇಳುವ 19ನೆಯ ವಿಧಿಯಲ್ಲಿ ‘ಪೌರರು’ ಎಂದಿದೆ. ಸಮಾನತೆಯ 14ನೆಯ ವಿಧಿ, ಜೀವದ ಹಕ್ಕಿನ 21ನೆಯ ವಿಧಿಗಳಲ್ಲಿ ‘ವ್ಯಕ್ತಿ’ ಎಂದಿದೆ. 2002ರ 86ನೆಯ ತಿದ್ದುಪಡಿಯಿಂದ ಬಂದ 21ಎ ವಿಧಿಯಲ್ಲಿ 6ರಿಂದ 14 ವರ್ಷದ ‘ಎಲ್ಲ ಮಕ್ಕಳು’ ಎಂದಿದೆ. ಬರೆದವರು ಎಲ್ಲಿ ಯಾವ ಪದ ಇಡಬೇಕೆಂದು ತೂಗಿ ಇಟ್ಟಿದ್ದಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯ ಪ್ರಶ್ನೆಗೆ ಒಂದೊಂದಾಗಿ ಉತ್ತರವಿದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ 4ನೆಯ ಕಲಂ. ಟಿ.ಸಿ. ತಡವಾಯಿತೆಂದು ಪ್ರವೇಶ ತಡೆಯಬಾರದು ಎನ್ನುತ್ತದೆ 5ನೆಯದು. ವಯಸ್ಸಿನ ಪುರಾವೆ ಇಲ್ಲವೆಂದು ತಡೆಯಬಾರದು ಎನ್ನುತ್ತದೆ 14ನೆಯದು. ವರ್ಷದ ನಡುವೆ ಬಂದರೂ ನಿರಾಕರಿಸಬಾರದು ಎನ್ನುತ್ತದೆ 15ನೆಯದು. ಆಧಾರ್ ಇಲ್ಲದ ಕಾರಣಕ್ಕೆ ಮಗುವಿಗೆ ಶಾಲೆ ತಪ್ಪಿಸುವಂತಿಲ್ಲ ಎಂಬುದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಿಂದ ಸ್ಪಷ್ಟವಾಗಿದೆ. ಆ ಮಕ್ಕಳು ತರಗತಿಯಲ್ಲಿ ಕುಳಿತದ್ದಕ್ಕೆ ಕಾನೂನಿನ ಅಧಿಕಾರವೇ ಇರುವಾಗ ಅವರನ್ನು ‘ಅನಧಿಕೃತ’ ಎನ್ನಲು ಬರುವುದಿಲ್ಲ.

ಕನ್ನಡದಲ್ಲಿ ‘ದಾಖಲೆ’ ಮತ್ತು ‘ದಾಖಲಾತಿ’ ಒಂದೇ ಮೂಲದ ಪದಗಳು. ಒಳಗೆ ಬರುವುದು ಎಂಬ ಅರ್ಥದ ಅರಬ್ಬಿ ಧಾತುವಿನಿಂದ ಬಂದವು. ನಮ್ಮಲ್ಲಿ ಹಿರಿಯರ ಜನ್ಮದಿನ ಕೇಳಿನೋಡಿ, ಎಷ್ಟು ಜನ ಜೂನ್ 1 ಎನ್ನುತ್ತಾರೆ! ಅವರೆಲ್ಲ ಆ ದಿನ ಹುಟ್ಟಿದವರಲ್ಲ. ಶಾಲೆಗೆ ಹಚ್ಚಲು ಬಂದಾಗ ಹುಟ್ಟಿದ ತಾರೀಖು ತಂದೆಗೆ ಗೊತ್ತಿರಲಿಲ್ಲ. ಮಾಸ್ತರರು ಮಗುವಿನ ಎತ್ತರ ನೋಡಿ, ಒಂದು ಅಂದಾಜು ಮಾಡಿ ಬರೆದುಕೊಂಡರು. ಆ ಅಂದಾಜಿನ ಮೇಲೆಯೇ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನೌಕರಿ, ಪಾಸ್‌ಪೋರ್ಟ್, ಪಿಂಚಣಿ ಎಲ್ಲ ನಿಂತವು. ಅಂದರೆ ನಮ್ಮ ತಂದೆತಾಯಿಗಳೂ ದಾಖಲೆ ಇಲ್ಲದೆಯೇ ಶಾಲೆಯ ಮೆಟ್ಟಿಲು ಹತ್ತಿದವರು. ಶಾಲೆ ಅವರ ಹತ್ತಿರ ದಾಖಲೆ ಕೇಳಲಿಲ್ಲ, ದಾಖಲೆ ಕೊಟ್ಟಿತು. ದಾಖಲಾತಿಯೇ ಬಹಳ ಜನರ ಮೊದಲ ದಾಖಲೆ. ನಮ್ಮ ವೃತ್ತಿಗೆ ಇರುವ ಈ ಅಧಿಕಾರ ದೊಡ್ಡದು.

ಇದನ್ನು ಕಾಲೇಜಿನ ವಿಚಾರಗೋಷ್ಠಿಯಲ್ಲಿ ಇಟ್ಟಾಗ ಎರಡು ಆಕ್ಷೇಪ ಬಂದವು, ಎರಡೂ ಯೋಗ್ಯವಾದವು. ಒಂದು: ‘ಅಕ್ರಮ ವಲಸಿಗ’ ಎಂಬುದು ಕಾನೂನಿನದೇ ಪದವಲ್ಲವೆ? ಹೌದು. 2003ರ ತಿದ್ದುಪಡಿಯ ನಂತರ ಪೌರತ್ವ ಕಾಯ್ದೆಯಲ್ಲಿ ಆ ಪದಕ್ಕೆ ವ್ಯಾಖ್ಯೆ ಇದೆ: ಸಿಂಧುವಾದ ಪಾಸ್‌ಪೋರ್ಟ್ ಮತ್ತು ಪ್ರಯಾಣದ ಕಾಗದಗಳಿಲ್ಲದೆ ಬಂದ, ಅಥವಾ ಅನುಮತಿಯ ಅವಧಿ ಮೀರಿ ಉಳಿದ ವಿದೇಶಿ. ಪಾಠದಲ್ಲಿ ಅದನ್ನು ಮರೆಮಾಚಬೇಕಿಲ್ಲ. ಕಾಯ್ದೆಯ ಪದವನ್ನು ಕಾಯ್ದೆಯ ಪದವೆಂದೇ ಕಲಿಸಿ. ಯಾರಿಗೆ ಅನ್ವಯಿಸುತ್ತದೆ ಎಂದು ತೀರ್ಮಾನಿಸುವವರು ಯಾರು ಎಂಬುದನ್ನೂ ಕಲಿಸಿ. ಅದು ಪಕ್ಕದ ಮನೆಯವರೂ ಅಲ್ಲ, ಮಾಸ್ತರರೂ ಅಲ್ಲ. ಎರಡನೆಯ ಆಕ್ಷೇಪ: ಪದ ಬದಲಿಸಿದರೆ ಮಗುವಿಗೆ ಪುಸ್ತಕ ಸಿಗುತ್ತದೆಯೆ, ಅವ್ವನ ಉಚಲ್ ತೀರುತ್ತದೆಯೆ? ತೀರುವುದಿಲ್ಲ. ಆದರೆ ‘ಅನಧಿಕೃತ ಮಕ್ಕಳು 3’ ಎಂಬ ಸಾಲನ್ನು ಓದಿದ ಅಧಿಕಾರಿ ಮಕ್ಕಳನ್ನು ಹೊರಗೆ ಕಳಿಸಿ ಎಂದು ಬರೆಯಬಹುದು. ‘ದಾಖಲಾತಿ ಬಾಕಿ ಇರುವ ಮಕ್ಕಳು 3’ ಎಂಬ ಸಾಲನ್ನು ಓದಿದವರು ಬಾಕಿ ಯಾಕೆ ಉಳಿಯಿತು ಎಂದು ಕೇಳಬೇಕಾಗುತ್ತದೆ. ಮೊದಲ ಸಾಲು ಉತ್ತರ ಕೇಳುವುದು ಮಗುವಿನ ಬಳಿ, ಎರಡನೆಯದು ಶಾಲೆಯ ಬಳಿ.

ಆ ಶಾಲೆಯ ಮುಖ್ಯ ಗುರುಗಳ ಅಡಚಣೆಯನ್ನೂ ಹೇಳಬೇಕು. ಅವರು ಆ ಮಕ್ಕಳಿಗೆ ಬಿಸಿಯೂಟ ನಿಲ್ಲಿಸಿದವರಲ್ಲ. ಆದರೆ ಹೆಸರು ಹಚ್ಚಲು ಹಿಂಜರಿದರು. “ಮಾರ್ಚ್‌ದಾಗ ಹೊಂಟು ಹೊಕ್ಕಾವ. ಆಮ್ಯಾಲ ಶಾಲಿ ಬಿಟ್ಟ ಮಕ್ಕಳು ಅಂತ ನನ್ನ ಲೆಕ್ಕಕ್ಕ ಬೀಳ್ತಾವ” ಎಂಬುದು ಅವರ ಚಿಂತೆ. ಸೇರಿಸಿಕೊಂಡವರೇ ಉತ್ತರ ಹೇಳಬೇಕಾದ, ಸೇರಿಸಿಕೊಳ್ಳದವರು ನಿಶ್ಚಿಂತರಾಗಿರುವ ಲೆಕ್ಕ ಅದು. ಪ್ರಶಿಕ್ಷಣಾರ್ಥಿ ಕಾಯ್ದೆಯ ನಾಲ್ಕು ಕಲಂಗಳನ್ನು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಟ್ಟಳು. ಅವರು ಸಮೂಹ ಸಂಪನ್ಮೂಲ ವ್ಯಕ್ತಿಯ ಜೊತೆ ಮಾತಾಡಿದರು. ಎರಡು ವಾರ ಹಿಡಿಯಿತು. ಮೂವರಲ್ಲಿ ಇಬ್ಬರ ಹೆಸರು ದಾಖಲಾಯಿತು. ಮೂರನೆಯವಳು ಹನ್ನೊಂದು ವರ್ಷದ ಹುಡುಗಿ. ಅಷ್ಟರಲ್ಲಿ ಆಕೆಯ ತಾಯಿಗೆ ಜ್ವರ ಬಂದು, ಕೂಸನ್ನು ನೋಡಿಕೊಳ್ಳಲು ಅವಳು ಗುಡಿಸಲಿನಲ್ಲಿಯೇ ಉಳಿದಳು. ಕಬ್ಬಿನ ಹೊರೆಗಳನ್ನು ಎಣಿಸಿ ಗಾಡಿಗೆ ಎಷ್ಟು ಟನ್ ಬಂದೀತು ಎಂದು ಬಾಯಲ್ಲೇ ಹೇಳುತ್ತಿದ್ದ ಹುಡುಗಿ ಅವಳು. ಗಣಿತದ ಪ್ರಶಿಕ್ಷಣಾರ್ಥಿಗಳು ಸರಾಸರಿ ಕಲಿಸಲು ಅವಳ ಲೆಕ್ಕವನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದರು.

ಫೆಬ್ರುವರಿ ಕೊನೆಯಲ್ಲಿ ಆ ತಂಡ ಬೇರೆ ಕಡೆ ಹೊರಟಿತು. ಪ್ರಶಿಕ್ಷಣಾರ್ಥಿಗೆ ಮರಾಠಿ ಬರುತ್ತಿತ್ತು. ಹುಕ್ಕೇರಿ ಕಡೆಯವರಿಗೆ ಅದೇನು ವಿಶೇಷವಲ್ಲ. ಮೂವರು ಮಕ್ಕಳಿಗೂ ಒಂದೊಂದು ಹಾಳೆ ಸಿದ್ಧ ಮಾಡಿದಳು. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಎಷ್ಟು ದಿನ ಬಂದರು, ಏನೇನು ಓದಬಲ್ಲರು, ಗಣಿತದಲ್ಲಿ ಎಲ್ಲಿಗೆ ಬಂದಿದ್ದಾರೆ, ಮುಂದೆ ಏನು ಕಲಿಸಬೇಕು ಎಂದು ಬರೆದು ಮುಖ್ಯ ಗುರುಗಳ ಸಹಿ, ಮೊಹರು ಹಾಕಿಸಿದಳು. ಮಹಾರಾಷ್ಟ್ರದಲ್ಲಿ ವಲಸೆ ಹೋಗುವ ಮಕ್ಕಳಿಗೆ ಊರಿನ ಶಾಲೆಯಿಂದಲೇ ‘ಶಿಕ್ಷಣ ಹಮೀ ಪತ್ರಕ’ ಎಂಬ ಕಾರ್ಡು ಕೊಡುವ ಪದ್ಧತಿ ಇದೆ. ಅದು ಅಲ್ಲಿಂದ ಹೊರಡುವಾಗಿನ ಚೀಟಿ. ಇವಳು ಮಾಡಿದ್ದು ಇಲ್ಲಿಂದ ಮರಳುವಾಗಿನ ಚೀಟಿ. ಮೂರನೆಯ ಹುಡುಗಿಯ ಹಾಳೆಯಲ್ಲಿ ದಿನಗಳ ಸಂಖ್ಯೆ ಕಡಿಮೆ ಇತ್ತು, ಬಲ್ಲ ವಿಷಯಗಳ ಪಟ್ಟಿ ಎಲ್ಲರಿಗಿಂತ ಉದ್ದವಿತ್ತು. ಆ ಹಾಳೆ ಪಡೆಯಲು ಆಕೆಯ ಅವ್ವ ಶಾಲೆಯ ತನಕ ಬಂದಿದ್ದಳು. ಓದಲು ಬಾರದಿದ್ದರೂ ಮಗಳ ಹೆಸರು ಎಲ್ಲಿದೆ ಎಂದು ಕೇಳಿ, ಅಲ್ಲಿ ಬೆರಳಿಟ್ಟು ನೋಡಿ, ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಪ್ರಶಿಕ್ಷಣಾರ್ಥಿ ಮಿತ್ರರೇ, ಮುಂದಿನ ಇಂಟರ್ನ್‌ಶಿಪ್ ಬರುವ ಹೊತ್ತಿಗೆ ಕಾರ್ಖಾನೆಗಳ ಭೋಂಗಾ ಮತ್ತೆ ಕೂಗುತ್ತಿರುತ್ತದೆ. ನಿಮಗೆ ಹಂಚಿದ ಶಾಲೆ ಮೂಡಲಗಿಯದಿರಲಿ, ಗೋಕಾಕದ್ದಿರಲಿ, ಮೊದಲ ವಾರದಲ್ಲಿಯೇ ಊರಾಚೆಯ ಗುಡಿಸಲುಗಳ ತನಕ ಒಮ್ಮೆ ನಡೆದು ಬನ್ನಿ. ಮಕ್ಕಳ ಹೆಸರು, ಊರು, ಓದುತ್ತಿದ್ದ ತರಗತಿ ಬರೆದುಕೊಂಡು ಮುಖ್ಯ ಗುರುಗಳಿಗೆ ಕೊಡಿ. ವರದಿಯಲ್ಲಿ ಅವರನ್ನು ಏನೆಂದು ಬರೆಯಬೇಕೆಂದು ಸಂದೇಹ ಬಂದರೆ ಅವರ ಹೆಸರನ್ನೇ ಬರೆಯಿರಿ. ಪಕ್ಕದಲ್ಲಿ ಯಾವ ಕಾಗದ ಬಾಕಿ ಇದೆ, ಅದನ್ನು ತರಿಸುವ ಹೊಣೆ ಯಾರದು ಎಂದು ಬರೆಯಿರಿ. ಎರಡು ಭಾಷೆಯ ಆ ಹಾಳೆಯ ಮಾದರಿಯನ್ನು ನಮ್ಮ ಸಮಾಜ ವಿಜ್ಞಾನ ಬೋಧನಾ ಪದ್ಧತಿಯ ಕೊಠಡಿಯಲ್ಲಿ ಇಟ್ಟಿದ್ದೇವೆ. ಬೇಕಾದಷ್ಟು ಪ್ರತಿ ತೆಗೆದುಕೊಂಡು ಹೋಗಿ.